ನಾಲ್ಕು ಕೋಣೆ ಕಂಡ ಮಾತ್ರಕ್ಕೆ "ಹೃದಯ ಸಹಜ" ಅಂತ ರಿಪೋರ್ಟ್ ಕೊಡಬಹುದಾ?

ಪ್ರೋಬ್‌ಧಾರಿ
18ರಿಂದ 22 ವಾರದಲ್ಲಿ ಭ್ರೂಣದ ಅಂಗದೋಷ ಹುಡುಕುವ ಅನಾಮಲಿ ಸ್ಕ್ಯಾನ್ ರಿಪೋರ್ಟುಗಳಲ್ಲಿ ಹೃದಯಕ್ಕೆ ಸಿಗೋದು ಎಷ್ಟೋ ಕಡೆ ಒಂದೇ ಸಾಲು: "ನಾಲ್ಕು ಕೋಣೆ ಕಾಣಿಸಿವೆ, ಬಡಿತ 148, ಹೃದಯ ಸಹಜ." ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟರಿಂದ ಹತ್ತು ಮಕ್ಕಳಿಗೆ ಹೃದಯದ ದೋಷ ಇರುತ್ತೆ. ಅದರಲ್ಲಿ ಸುಮಾರು ಕಾಲುಭಾಗ ಮೊದಲ ವರ್ಷದಲ್ಲೇ ಆಪರೇಷನ್ ಇಲ್ಲವೇ ಕ್ಯಾತಿಟರ್ ಚಿಕಿತ್ಸೆ ಬೇಡುವಂಥದ್ದು. ಇಷ್ಟಿದ್ದೂ ಒಂದೇ ಸಾಲು.

ಕೇಳಬೇಕಾಗಿರೋದು ಎರಡು. ಒಂದು, ಆ ಒಂದೇ ನೋಟ ನಂಬಿ "ಸಹಜ" ಅನ್ನೋದು ಎಷ್ಟು ಸರಿ? ಎರಡು, ಮೆದುಳು, ಬೆನ್ನುಮೂಳೆ, ಕಿಡ್ನಿ, ಕೈಕಾಲು ಎಲ್ಲ ಮುಗಿಸಿದ ಮೇಲೆ ಹೃದಯಕ್ಕೆ ಉಳಿಯೋ ನಾಲ್ಕೈದು ನಿಮಿಷದಲ್ಲಿ ಯಾವುದನ್ನು ಬಿಡಲೇಬಾರದು?

ಗ್ರೇಸ್ಕೇಲ್
ಸರಿಯಲ್ಲ. ಎರಡನೇ ಪ್ರಶ್ನೆಗೆ ಬನ್ನಿ.

ಎಳೆಹೃದಯ
ಗ್ರೇಸ್ಕೇಲ್ ಅವರದ್ದು ಯಾವತ್ತೂ ಇಷ್ಟೇ, ತೀರ್ಪು ಕೊಟ್ಟು ಎದ್ದು ಹೋಗೋದು. ಕಾರಣ ನಾನು ಬರೀತೀನಿ.

ನಾಲ್ಕು ಕೋಣೆಯ ನೋಟದಲ್ಲಿ ಸಿಕ್ಕಿಬೀಳೋದು ಕೋಣೆಗಳ ಆಕಾರ, ಗಾತ್ರ ಕೆಡಿಸುವ ದೋಷಗಳು. ಎಡ ಕೆಳಕೋಣೆ ಬೆಳೆಯದೇ ಉಳಿದ ಹೈಪೋಪ್ಲಾಸ್ಟಿಕ್ ಲೆಫ್ಟ್ ಹಾರ್ಟ್, ನಡುಗೋಡೆ, ಕವಾಟ ಸೇರುವ ಕ್ರಕ್ಸ್ ಕೂಡಿಕೊಳ್ಳದ ಎವಿಎಸ್‌ಡಿ, ಟ್ರೈಕಸ್ಪಿಡ್ ಕವಾಟ ಕೆಳಗಿಳಿದು ಬಲ ಮೇಲ್ಕೋಣೆ ಊದಿಕೊಂಡ ಎಬ್‌ಸ್ಟೈನ್, ಇಂಥವು. ಆದರೆ ಮೈಗೆ ರಕ್ತ ಒಯ್ಯೋ ಅಯೋರ್ಟಾ ಮತ್ತು ಶ್ವಾಸಕೋಶಕ್ಕೆ ಒಯ್ಯೋ ಪಲ್ಮನರಿ ಆರ್ಟರಿ ಅದಲುಬದಲಾದ ಟಿಜಿಎಯಲ್ಲಿ ನಾಲ್ಕೂ ಕೋಣೆ ಒಪ್ಪವಾಗಿ ಕೂತಿರುತ್ತೆ. ನಡುಗೋಡೆಯ ತೂತಿನ ಜೊತೆ ಪಲ್ಮನರಿ ದಾರಿ ಕಿರಿದಾದ ಫ್ಯಾಲೋಟ್ ಟೆಟ್ರಾಲಜಿಯಲ್ಲೂ ಬಹಳ ಸಲ ಹಾಗೇ, ಹೆಚ್ಚೆಂದರೆ ಹೃದಯದ ತುದಿ ಎಡಕ್ಕೆ ಜಾಸ್ತಿ ವಾಲಿರುತ್ತೆ. ಎರಡರ ಬದಲು ಒಂದೇ ನಾಳ ಹೊರಡುವ ಟ್ರಂಕಸ್, ಎರಡೂ ನಾಳ ಬಲ ಕೆಳಕೋಣೆಯಿಂದಲೇ ಹೊರಡುವ ಡಬಲ್ ಔಟ್‌ಲೆಟ್, ಇವೂ ಇದೇ ಸಾಲಿನವು. ಇವೆಲ್ಲ ತೊಂದರೆ ಇರೋದು ನಾಳಗಳು ಹೊರಡುವ ಜಾಗದಲ್ಲಿ, ಕೋಣೆಯಲ್ಲಲ್ಲ.

ಅದಕ್ಕೇ ಪ್ರಸೂತಿ ಅಲ್ಟ್ರಾಸೌಂಡ್ ತಜ್ಞರ ಅಂತರರಾಷ್ಟ್ರೀಯ ಸಂಘ ಐಎಸ್‌ಯುಒಜಿ 2013ರ ಮಾರ್ಗಸೂಚಿಯಲ್ಲೇ ಎರಡೂ ಹೊರನಾಳಗಳ ನೋಟವನ್ನು ಮಾಮೂಲಿ ತಪಾಸಣೆಗೆ ಸೇರಿಸ್ತು, 2023ರಲ್ಲಿ ಅದನ್ನು ಪರಿಷ್ಕರಿಸಿದ್ದೂ ಆಯ್ತು. ಈಗಲೂ ನಾಲ್ಕು ಕೋಣೆಗೆ ನಿಲ್ಲಿಸೋದು ಹಳೇ ಅಭ್ಯಾಸ ಬಿಡದಿರೋದು, ಅಷ್ಟೇ.

ಮೂರನೇನಾಳ
ಎರಡನೇ ಪ್ರಶ್ನೆಗೆ ನನ್ನ ಉತ್ತರ. ಐದು ಬೇರೆ ಬೇರೆ ಚಿತ್ರ ಹುಡುಕೋಕೆ ಹೋಗಬೇಡಿ. ಹೊಟ್ಟೆಯಿಂದ ಕತ್ತಿನ ಕಡೆಗೆ ಒಂದೇ ಅಡ್ಡ ಸ್ವೀಪ್, ಅದನ್ನು ಕ್ಲಿಪ್ ಆಗಿ ಸೇವ್ ಮಾಡಿ.

ಶುರು ಮಾಡೋ ಮುಂಚೆ ಮಗುವಿನ ಎಡಗಡೆ ಯಾವುದು ಅಂತ ತಲೆ ಮತ್ತು ಬೆನ್ನಿನ ಸ್ಥಾನ ನೋಡಿ ತೀರ್ಮಾನ ಮಾಡಿ. ಜಠರ ಎಲ್ಲಿದೆಯೋ ಅದೇ ಎಡ ಅಂದುಕೊಂಡರೆ ಕೆಟ್ಟಿರಿ: ಅಂಗಗಳೆಲ್ಲ ಕನ್ನಡಿಯಂತೆ ತಿರುಗಿದ ಮಗುವಿನಲ್ಲಿ ಜಠರವೂ ಹೃದಯವೂ ಬಲಕ್ಕೇ ಇರುತ್ತೆ, ಎರಡೂ ಒಂದೇ ಪಕ್ಕ, ಎಲ್ಲ ಸರಿ ಅಂತ ದಾಟಿ ಹೋಗ್ತೀರಿ. ತಲೆ ಕೆಳಗಿದ್ದು ಮಗುವಿನ ಬೆನ್ನು ತಾಯಿಯ ಬೆನ್ನ ಕಡೆಗಿದ್ದರೆ ಮಗುವಿನ ಎಡ ತಾಯಿಯ ಬಲಕ್ಕೆ ಬರುತ್ತೆ. ಬ್ರೀಚ್, ಅಂದರೆ ತಲೆ ಮೇಲಾಗಿದ್ದು, ಬೆನ್ನು ಅದೇ ಕಡೆ ಇದ್ದರೆ ತಾಯಿಯ ಎಡಕ್ಕೆ. ಬೆನ್ನು ಮೇಲ್ಮುಖ ಆಯ್ತು ಅಂದರೆ ಎರಡೂ ಉಲ್ಟಾ.

ಆಮೇಲೆ ಮೇಲೆ ಸರೀತಾ ನಾಲ್ಕು ಕೋಣೆ. ಎರಡೂ ಪಕ್ಕ ಒಂದೊಂದೇ ಪಕ್ಕೆಲುಬು ಪೂರ್ತಿ ಉದ್ದಕ್ಕೆ ಕಾಣಬೇಕು. ಮೂರ್ನಾಲ್ಕು ಪಕ್ಕೆಲುಬಿನ ತುಂಡು ಕಂಡರೆ ಪ್ರೋಬ್ ಓರೆಯಾಗಿದೆ, ಆ ಚಿತ್ರದಲ್ಲಿ ಅಳತೆ ತೆಗೆದರೆ ಸುಳ್ಳು ಬರುತ್ತೆ. ಹೃದಯ ಎದೆಯ ಮೂರನೇ ಒಂದು ಭಾಗದಷ್ಟು ಜಾಗ ಹಿಡಿದಿರಬೇಕು, ತುದಿ ಎಡಕ್ಕೆ ಸುಮಾರು 45 ಡಿಗ್ರಿ, 20 ಆಚೀಚೆ ಪರವಾಗಿಲ್ಲ. ಮಾಡರೇಟರ್ ಬ್ಯಾಂಡ್ ಅನ್ನೋ ಅಡ್ಡ ಸ್ನಾಯುಪಟ್ಟಿ ಇರೋದು ಬಲ ಕೆಳಕೋಣೆ. ಟ್ರೈಕಸ್ಪಿಡ್ ಕವಾಟ ಮೈಟ್ರಲ್‌ಗಿಂತ ಕೂದಲೆಳೆಯಷ್ಟು ತುದಿಯ ಕಡೆಗೆ ಅಂಟಿರಬೇಕು. ಎರಡೂ ಒಂದೇ ನೇರಕ್ಕೆ ಬಂದರೆ ಎವಿಎಸ್‌ಡಿ ಅಂತ ಅನುಮಾನ ಪಡಿ. ಮೇಲ್ಕೋಣೆಗಳ ನಡುವಿನ ಕಿಂಡಿ ಫೊರಾಮೆನ್ ಓವಾಲೆಯ ಪೊರೆ ಎಡ ಮೇಲ್ಕೋಣೆಯೊಳಗೆ ಬಡಿದಾಡ್ತಿರಬೇಕು.

ಇನ್ನೊಂಚೂರು ಮೇಲೆ ಎಡ ಕೆಳಕೋಣೆಯಿಂದ ಅಯೋರ್ಟಾ. ಅದರ ಮುಂಗೋಡೆ ನಡುಗೋಡೆಯ ಜೊತೆ ಕಡಿಯದೆ ಸೇರಿರಬೇಕು. ಅಲ್ಲಿ ಕಡಿದು, ನಾಳ ಎರಡೂ ಕೋಣೆಯ ಮೇಲೆ ಸವಾರಿ ಕೂತಿದ್ದರೆ ಫ್ಯಾಲೋಟ್, ಟ್ರಂಕಸ್ ಕಡೆ ಯೋಚನೆ ಹೋಗಬೇಕು. ಅದರ ಮೇಲೆ ಬಲ ಕೆಳಕೋಣೆಯಿಂದ ಪಲ್ಮನರಿ, ಅಯೋರ್ಟಾವನ್ನು ಅಡ್ಡ ದಾಟಿ ಕವಲೊಡೆಯುತ್ತೆ. ಕೊನೆಗೆ ಮೂರು ನಾಳ ಮತ್ತು ಶ್ವಾಸನಾಳದ ನೋಟ.

ಪ್ರೋಬ್‌ಧಾರಿ
ಆ ಕೊನೆಯ ನೋಟದಲ್ಲಿ ಕಣ್ಣು ಎಲ್ಲಿಡಬೇಕು ಅಂತ ಸ್ವಲ್ಪ ಬಿಡಿಸಿ ಹೇಳಿ. ಅಲ್ಲೇ ಎಲ್ಲರೂ ತಡವರಿಸೋದು.

ಮೂರನೇನಾಳ
ಮೊದಲು ಮೂರು ನಾಳಗಳ ಮಟ್ಟ. ಎಡ-ಮುಂದಿನಿಂದ ಬಲ-ಹಿಂದಕ್ಕೆ ಓರೆಗೆರೆ ಎಳೆದ ಹಾಗೆ ಪಲ್ಮನರಿ, ಅಯೋರ್ಟಾ, ಮೈಮೇಲ್ಭಾಗದ ರಕ್ತ ತರುವ ದೊಡ್ಡ ವೇನ್ ಎಸ್‌ವಿಸಿ. ಗಾತ್ರವೂ ಅದೇ ಕ್ರಮದಲ್ಲಿ ಇಳೀಬೇಕು. ಎಷ್ಟು ನಾಳ, ಯಾವ ಸಾಲು, ಯಾವುದು ದಪ್ಪ, ಈ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಪಲ್ಮನರಿ ಸಣಕಲು, ಅಯೋರ್ಟಾ ದಪ್ಪ ಅಂದರೆ ಫ್ಯಾಲೋಟ್ ಅಥವಾ ಪಲ್ಮನರಿ ಅಡಚಣೆ. ಪಲ್ಮನರಿಯ ಎಡಕ್ಕೆ ನಾಲ್ಕನೇ ನಾಳ ಕಂಡರೆ ಎಡಗಡೆಯ ಎಸ್‌ವಿಸಿ ಉಳಿದುಕೊಂಡಿದೆ. ಅದೊಂದೇ ಇದ್ದರೆ ಬಹುಪಾಲು ನಿರುಪದ್ರವಿ, ಆದರೆ ಜೊತೆಗೆ ಬೇರೇನಾದರೂ ಇದೆಯಾ ಅಂತ ಹುಡುಕಲೇಬೇಕು.

ಅಲ್ಲಿಂದ ಕತ್ತಿನ ಕಡೆ ತುಸು ವಾಲಿಸಿದರೆ ಅಯೋರ್ಟಾ ಕಮಾನು ಮತ್ತು ಪಲ್ಮನರಿಯನ್ನು ಅಯೋರ್ಟಾಗೆ ಜೋಡಿಸುವ ಭ್ರೂಣದ ನಾಳ ಡಕ್ಟಸ್ ಎರಡೂ ಬಂದು ಇಂಗ್ಲಿಷ್ ವಿ ಆಕಾರದಲ್ಲಿ ಸೇರ್ತವೆ. ವಿ ಇರಬೇಕಾದ್ದು ಶ್ವಾಸನಾಳದ ಎಡಕ್ಕೆ. ಶ್ವಾಸನಾಳ ಎರಡು ನಾಳದ ನಡುವೆ ಸಿಕ್ಕಿಕೊಂಡು ಆಕಾರ ಯು ಆದರೆ ಅಯೋರ್ಟಾ ಕಮಾನು ಬಲಗಡೆ ಹೋಗಿದೆ. ಟಿಜಿಎಯಲ್ಲಿ ಈ ಮಟ್ಟದಲ್ಲಿ ಉದ್ದನೆಯ ಒಂದೇ ನಾಳ ಮತ್ತು ಪಕ್ಕದಲ್ಲಿ ಎಸ್‌ವಿಸಿ, ಅಷ್ಟೇ ಕಾಣೋದು. ವಿಯ ಒಂದು ಕೈ ಎಲ್ಲಿ ಹೋಯ್ತು ಅಂತ ಕೇಳಿಕೊಳ್ಳದವರಿಗೆ ಅದು ಸಹಜ ಚಿತ್ರದ ಹಾಗೇ ಕಾಣುತ್ತೆ.

ಡಾಪ್ಲರ್‌ದಾಸ
ಇಷ್ಟುದ್ದ ಬರೆದು ರಕ್ತದ ಹರಿವಿಗೆ ಬಣ್ಣ ಕೊಡುವ ಕಲರ್ ಡಾಪ್ಲರ್ ಬಗ್ಗೆ ಒಂದು ಮಾತಿಲ್ಲ! ಅದೇ ಮೂರು ನಾಳದ ನೋಟದಲ್ಲಿ ಕಲರ್ ಹಾಕಿದರೆ ವಿಯ ಎರಡೂ ಕೈ ಒಂದೇ ಬಣ್ಣ ಇರಬೇಕು. ಒಂದು ಕೆಂಪು ಒಂದು ನೀಲಿ ಅಂದರೆ ಒಂದರಲ್ಲಿ ರಕ್ತ ಉಲ್ಟಾ ಹರೀತಿದೆ: ಕಮಾನಿನಲ್ಲಿ ಉಲ್ಟಾ ಆದರೆ ಎಡಭಾಗದ ತೀವ್ರ ಅಡಚಣೆ, ಡಕ್ಟಸ್‌ನಲ್ಲಿ ಉಲ್ಟಾ ಆದರೆ ಪಲ್ಮನರಿಯದ್ದು. ಮೂರು ಸೆಕೆಂಡಿನ ಕೆಲಸ. ಕಲರ್ ಇಲ್ಲದ ಹೃದಯದ ಸ್ಕ್ಯಾನ್ ಅರ್ಧ ಸ್ಕ್ಯಾನ್.

ಗ್ರೇಸ್ಕೇಲ್
ಒಪ್ಪಲ್ಲ. ಗ್ರೇ ಇಮೇಜ್ ಕೆಟ್ಟದಾಗಿದ್ದಾಗ ಕಲರ್ ಹಾಕಿದರೆ ಕೆಟ್ಟ ಇಮೇಜಿಗೆ ಬಣ್ಣ ಬಳಿದ ಹಾಗೆ. ಸೆಟ್ಟಿಂಗ್ ಬಗ್ಗೆ ಯಾರೂ ಮಾತೇ ಆಡ್ತಿಲ್ಲ. 140 ಬಡಿತದ ಹೃದಯದಲ್ಲಿ ಒಂದು ಬಡಿತಕ್ಕೆ ಸಿಗೋದು 0.43 ಸೆಕೆಂಡ್. ಫ್ರೇಮ್ ರೇಟ್ 15 ಇದ್ದರೆ ಒಂದು ಬಡಿತಕ್ಕೆ ಆರೇ ಫ್ರೇಮ್, ಕವಾಟ ತೆರೆದದ್ದು ಮುಚ್ಚಿದ್ದು ಹೇಗೆ ಕಾಣಬೇಕು? 30 ಇದ್ದರೆ ಹದಿಮೂರು ಹತ್ತಿರ ಸಿಗುತ್ತೆ. ಅದಕ್ಕೆ ಡೆಪ್ತ್ ಕಡಿಮೆ ಮಾಡಿ, ಸೆಕ್ಟರ್ ಅಗಲ ಕಿರಿದು ಮಾಡಿ, ಫೋಕಸ್ ಒಂದೇ ಇಟ್ಟು ಹೃದಯದ ಮಟ್ಟಕ್ಕೆ ತನ್ನಿ, ಪರ್ಸಿಸ್ಟೆನ್ಸ್ (ಫ್ರೇಮ್ ಮೇಲೆ ಫ್ರೇಮ್ ಬೆರೆಸೋದು) ಇಳಿಸಿ. ಹೃದಯ ಪರದೆಯ ಮೂರನೇ ಒಂದರಿಂದ ಅರ್ಧ ಭಾಗ ತುಂಬೋ ತನಕ ಝೂಮ್ ಮಾಡಿ. ಹೊಟ್ಟೆಯ ಪ್ರೀಸೆಟ್‌ನಲ್ಲೇ ಹೃದಯ ನೋಡಿ "ಸ್ಪಷ್ಟ ಬರಲಿಲ್ಲ" ಅನ್ನೋರೇ ಜಾಸ್ತಿ.

ಡಾಪ್ಲರ್‌ದಾಸ
ಅದನ್ನು ಯಾರು ಬೇಡ ಅಂದ್ರು? ಗ್ರೇ ಸರಿ ಮಾಡಿ, ಆಮೇಲೆ ಕಲರ್ ಹಾಕಿ ಅಂತಲೇ ನನ್ನ ಮಾತೂ. ಕಲರ್ ಬಾಕ್ಸ್ ಸಣ್ಣದಿರಲಿ, ಇಲ್ಲದಿದ್ದರೆ ನೀವು ಸಂಪಾದಿಸಿದ ಫ್ರೇಮ್ ರೇಟ್ ಅಷ್ಟೂ ನೀರುಪಾಲು. ಸ್ಕೇಲ್, ಅಂದರೆ ಬಣ್ಣ ತೋರಿಸೋ ವೇಗದ ಮಿತಿ, ಅದನ್ನೂ ಜಾಗಕ್ಕೆ ತಕ್ಕಂತೆ ಬದಲಾಯಿಸಬೇಕು. ಹೊರನಾಳಗಳಿಗೆ ಸೆಕೆಂಡಿಗೆ 50 ಸೆಂಟಿಮೀಟರ್ ಮೇಲೆ, ಪಲ್ಮನರಿ ವೇನ್‌ಗಳಿಗೆ 20ರ ಆಸುಪಾಸು. ಮೇಲಿನ ಸ್ಕೇಲಿನಲ್ಲೇ ವೇನ್ ಹುಡುಕಿದರೆ ಏನೂ ಕಾಣಲ್ಲ, ಕೆಳಗಿನದರಲ್ಲಿ ಅಯೋರ್ಟಾ ನೋಡಿದರೆ ಬಣ್ಣವೆಲ್ಲ ಕಲಸಿಹೋಗುತ್ತೆ.

ರಂಧ್ರಾನ್ವೇಷಿ
ವಿಎಸ್‌ಡಿ, ಅಂದರೆ ಕೆಳಕೋಣೆಗಳ ನಡುಗೋಡೆಯ ರಂಧ್ರದ ವಿಚಾರಕ್ಕೆ ಬರ್ತೀನಿ. "ನಡುಗೋಡೆಯಲ್ಲಿ ರಂಧ್ರ ಶಂಕೆ" ಅಂತ ರೆಫರ್ ಆಗಿ ಬರುವ ಕೇಸುಗಳಲ್ಲಿ ಒಂದು ರಾಶಿ ಬರೀ ಬೀಮ್‌ನ ಆಟ. ಹೃದಯದ ತುದಿ ಪ್ರೋಬ್‌ಗೆ ಎದುರಾಗಿ ನಿಂತಾಗ ಬೀಮ್ ನಡುಗೋಡೆಗೆ ಸಮಾಂತರ ಹೋಗುತ್ತೆ, ಕವಾಟದ ಕೆಳಗಿನ ತೆಳು ಪೊರೆಭಾಗದಿಂದ ಪ್ರತಿಧ್ವನಿ ವಾಪಸ್ ಬರಲ್ಲ, ತೂತಿನ ಹಾಗೆ ಕಾಣುತ್ತೆ. ಪಕ್ಕದಿಂದ, ಬೀಮ್ ಗೋಡೆಗೆ ಅಡ್ಡಲಾಗಿ ಬೀಳೋ ಹಾಗೆ ನೋಡಿ. ನಿಜವಾದ ರಂಧ್ರಕ್ಕೆ ಅಂಚು ಮೊಂಡಾಗಿ ಹೊಳೀತಿರುತ್ತೆ, ಕಲರ್‌ನಲ್ಲಿ ಆಚೀಚೆ ಹರಿವು ಸಿಗುತ್ತೆ. ಸುಳ್ಳು ರಂಧ್ರದ ಅಂಚು ಕ್ರಮೇಣ ಮಾಸಿಹೋಗುತ್ತೆ.

ಇದಕ್ಕೆ ತದ್ವಿರುದ್ಧವೂ ಇದೆ. 2 ಮಿಲಿಮೀಟರ್ ಸ್ನಾಯುಭಾಗದ ರಂಧ್ರ ಗ್ರೇನಲ್ಲಿ ಕಾಣದೇ ಹೋಗಬಹುದು, ಗರ್ಭದಲ್ಲಿ ಎರಡೂ ಕೆಳಕೋಣೆಯ ಒತ್ತಡ ಹೆಚ್ಚುಕಮ್ಮಿ ಸಮ ಇರೋದರಿಂದ ಕಲರ್‌ನಲ್ಲೂ ಜೋರು ಹರಿವು ಇರಲ್ಲ. ಅಂಥವು ಬಹಳಷ್ಟು ತಾವಾಗೇ ಮುಚ್ಚಿಹೋಗ್ತವೆ. ಬಿಟ್ಟುಹೋದರೂ ಆಕಾಶ ಬೀಳಲ್ಲ.

ಆಪ್ತಸಲಹೆ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದರೂ ಇಲ್ಲೇ ಕೇಳ್ತೀನಿ. ರಿಪೋರ್ಟಿನಲ್ಲಿ "ಎಡ ಕೆಳಕೋಣೆಯಲ್ಲಿ ಎಕೋಜೆನಿಕ್ ಫೋಕಸ್" ಅಂತ ಓದಿ ಹೃದಯದಲ್ಲಿ ಗಡ್ಡೆ ಅಂತ ಅಳ್ತಾ ಬರ್ತಾರೆ ತಾಯಂದಿರು. ಒಂದೇ ಉಸಿರಲ್ಲಿ ಏನು ಹೇಳೋದು?

ಎಳೆಹೃದಯ
ಪ್ಯಾಪಿಲರಿ ಸ್ನಾಯುವಿನಲ್ಲಿ ಸುಣ್ಣದಂಶ ಕೂತ ಬಿಳಿ ಚುಕ್ಕೆ. ನೂರು ಭ್ರೂಣಗಳಲ್ಲಿ ಮೂರರಿಂದ ಐದರಲ್ಲಿ ಇರುತ್ತೆ. ಹೃದಯದ ದೋಷ ಅಲ್ಲ, ಪಂಪಿಂಗ್‌ಗೂ ಸಂಬಂಧ ಇಲ್ಲ. ಡೌನ್ ಸಿಂಡ್ರೋಮ್‌ಗೆ ದುರ್ಬಲ ಸುಳಿವು ಅಂತ ಹೆಸರಿದೆ, ಆದರೆ ಸ್ಕ್ರೀನಿಂಗ್ ಟೆಸ್ಟ್ ಲೋ ರಿಸ್ಕ್ ಬಂದಿದ್ದು ಉಳಿದ ಸ್ಕ್ಯಾನ್ ಸರಿ ಇದ್ದರೆ ಅದಕ್ಕಾಗಿ ಮುಂದೆ ಏನೂ ಮಾಡಬೇಕಿಲ್ಲ. ನಿಜ ಹೇಳಬೇಕಂದರೆ ಆ ಚುಕ್ಕೆಗೆ ಕೊಡೋ ಸಾಲನ್ನು ಅಯೋರ್ಟಾಗೆ ಕೊಟ್ಟಿದ್ದರೆ ಚೆನ್ನಾಗಿತ್ತು.

ಪ್ರೋಬ್‌ಧಾರಿ
ಮತ್ತೆ ಟ್ರ್ಯಾಕಿಗೆ. ಎಲ್ಲ ನೋಟ ಸಿಕ್ಕಿದ ಮೇಲೂ ತಪ್ಪಿಸಿಕೊಳ್ಳೋವು ಯಾವುವು?

ಎಳೆಹೃದಯ
ಎಎಸ್‌ಡಿ (ಮೇಲ್ಕೋಣೆಗಳ ನಡುವಿನ ರಂಧ್ರ) ಮತ್ತು ಪಿಡಿಎ (ಮುಚ್ಚದ ಡಕ್ಟಸ್), ಎರಡನ್ನೂ ಗರ್ಭದಲ್ಲಿ ಹೇಳೋಕೇ ಆಗಲ್ಲ. ಫೊರಾಮೆನ್ ಓವಾಲೆ, ಡಕ್ಟಸ್ ಎರಡೂ ಎಲ್ಲ ಭ್ರೂಣದಲ್ಲೂ ತೆರೆದೇ ಇರಬೇಕು, ಹುಟ್ಟಿದ ಮೇಲೆ ಮುಚ್ಚದೇ ಉಳಿದರೆ ತಾನೇ ದೋಷ. "ಸ್ಕ್ಯಾನಿನಲ್ಲಿ ಯಾಕೆ ಹೇಳಲಿಲ್ಲ" ಅಂತ ಆಮೇಲೆ ಜಗಳ ಆಡುವವರಿಗೆ ಇದನ್ನು ಮೊದಲೇ ಹೇಳಿಟ್ಟಿರಬೇಕು.

ತಲೆನೋವಿನದ್ದು ಕೋಆರ್ಕ್ಟೇಷನ್. ಅಯೋರ್ಟಾ ಕಿರಿದಾಗೋ ಜಾಗ ಡಕ್ಟಸ್ ಬಂದು ಸೇರೋ ಹತ್ತಿರ. ಡಕ್ಟಸ್ ತೆರೆದಿರುವಷ್ಟು ಕಾಲ ಅಲ್ಲಿ ಅಡಚಣೆ ಗೊತ್ತಾಗಲ್ಲ. ಸಿಗೋದು ಪರೋಕ್ಷ ಸುಳಿವು ಮಾತ್ರ: ಬಲ ಕೆಳಕೋಣೆ ಎಡದಕ್ಕಿಂತ ದೊಡ್ಡದು, ಪಲ್ಮನರಿ ದಪ್ಪ, ಅಯೋರ್ಟಾದ ಇಸ್ತ್‌ಮಸ್ (ಡಕ್ಟಸ್ ಸೇರೋ ಮುಂಚಿನ ಕಮಾನಿನ ಕೊನೆಭಾಗ) ಸಪೂರ. ಕಷ್ಟ ಏನಪ್ಪಾ ಅಂದರೆ ಏಳನೇ ತಿಂಗಳು ದಾಟಿದ ಮೇಲೆ ಸಹಜ ಮಗುವಿನಲ್ಲೂ ಬಲಭಾಗ ತುಸು ದೊಡ್ಡದೇ. ಹಾಗಾಗಿ ಇಲ್ಲದ್ದನ್ನು ಇದೆ ಅನ್ನೋದೂ ಜಾಸ್ತಿ, ಇದ್ದದ್ದನ್ನು ಬಿಡೋದೂ ಜಾಸ್ತಿ. ಶಂಕೆ ಇದ್ದರೆ ಹುಟ್ಟಿದ ಮೇಲೆ ಡಕ್ಟಸ್ ಪೂರ್ತಿ ಮುಚ್ಚೋ ತನಕ ಎಕೋ ಮಾಡ್ತಾನೇ ಇರಬೇಕು. ಮೊದಲ ದಿನದ ಎಕೋ ಚೆನ್ನಾಗಿದೆ ಅಂತ ಮನೆಗೆ ಕಳಿಸೋದು ಅಪಾಯ.

ಇನ್ನೊಂದು ಟಿಎಪಿವಿಸಿ. ಶ್ವಾಸಕೋಶದ ವೇನ್‌ಗಳು ಎಡ ಮೇಲ್ಕೋಣೆಗೆ ಸೇರದೆ ಬೇರೆಲ್ಲೋ ಸೇರಿರುತ್ತವೆ. ಗರ್ಭದಲ್ಲಿ ಶ್ವಾಸಕೋಶಕ್ಕೆ ಹೋಗೋ ರಕ್ತವೇ ಕಡಿಮೆ, ಕೋಣೆಗಳ ಗಾತ್ರ ಅಷ್ಟಾಗಿ ಬದಲಾಗಲ್ಲ. ಎಡ ಮೇಲ್ಕೋಣೆಯ ಹಿಂಗೋಡೆ ನುಣುಪಾಗಿ, ಕೋಣೆಗೂ ಹಿಂದಿನ ಅಯೋರ್ಟಾಗೂ ನಡುವೆ ಜಾಗ ಜಾಸ್ತಿ ಕಂಡರೆ ಎಚ್ಚರ. ಕನಿಷ್ಠ ಒಂದಾದರೂ ವೇನ್ ಕೋಣೆಯೊಳಗೆ ಬಂದು ಸೇರೋದನ್ನು ಕಲರ್‌ನಲ್ಲಿ ಕಣ್ಣಾರೆ ನೋಡಿ.

ರಂಧ್ರಾನ್ವೇಷಿ
ಬೆಳೀತಾ ಬೆಳೀತಾ ಕೆಡುವಂಥವನ್ನೂ ಸೇರಿಸಿ. 20ನೇ ವಾರದಲ್ಲಿ ಸಣ್ಣ ಪ್ರಮಾಣದ ಅಯೋರ್ಟಿಕ್ ಸ್ಟೆನೋಸಿಸ್ (ಅಯೋರ್ಟಾ ಕವಾಟ ಕಿರಿದಾಗಿರೋದು), ಎಡ ಕೆಳಕೋಣೆ ಚೆನ್ನಾಗೇ ಇದೆ. ಕೆಲವರಲ್ಲಿ 32ನೇ ವಾರಕ್ಕೆ ಆ ಕೋಣೆ ಬೆಳವಣಿಗೆ ನಿಲ್ಲಿಸಿರುತ್ತೆ. 20ನೇ ವಾರದ ರಿಪೋರ್ಟ್ ಸುಳ್ಳಲ್ಲ, ಆ ದಿನಕ್ಕೆ ಅದು ನಿಜ.

ಬೇಗನೋಡಿ
ಇಷ್ಟೆಲ್ಲ 20ನೇ ವಾರಕ್ಕೆ ಯಾಕೆ ಕಾಯಬೇಕು? 12-13ನೇ ವಾರದಲ್ಲೇ ನೋಡಿದರಾಯ್ತಲ್ಲ. ಎನ್‌ಟಿ (ಕತ್ತಿನ ಹಿಂದಿನ ದ್ರವದ ದಪ್ಪ) 3.5 ಮಿಲಿಮೀಟರ್ ಅಥವಾ ಹೆಚ್ಚು, ಯಕೃತ್ತಿನ ಬಳಿಯ ವೇನ್ ಡಕ್ಟಸ್ ವಿನೋಸಸ್‌ನಲ್ಲಿ ಎ ಅಲೆ (ಮೇಲ್ಕೋಣೆ ಕುಗ್ಗುವಾಗಿನ ಹರಿವು) ಉಲ್ಟಾ, ಟ್ರೈಕಸ್ಪಿಡ್ ಸೋರಿಕೆ, ಇವೆಲ್ಲ ಆಗಲೇ ಸಿಗುತ್ತೆ.

ಗ್ರೇಸ್ಕೇಲ್
12ನೇ ವಾರದಲ್ಲಿ ಇಡೀ ಹೃದಯ ಒಂದು ಸೆಂಟಿಮೀಟರ್ ಕೂಡ ಇಲ್ಲ.

ಮೂರನೇನಾಳ
ಎರಡೂ ಬೇಕು ಮಾರಾಯ್ರೆ. ಒಂದೇ ಕೆಳಕೋಣೆಯ ಹೃದಯ, ದೊಡ್ಡ ಎವಿಎಸ್‌ಡಿ ಇಂಥವು ಪಳಗಿದ ಕೈಗೆ 13ನೇ ವಾರದಲ್ಲಿ ಸಿಗ್ತವೆ. ಆದರೆ ಆಗ ಸರಿ ಕಂಡಿತು ಅಂತ 20ನೇ ವಾರದ್ದನ್ನು ಕೈಬಿಡೋ ಹಾಗಿಲ್ಲ. ಬೇಗ ನೋಡೋದರ ಲಾಭ ಅಪಾಯ ಹೆಚ್ಚಿರುವವರಿಗೆ.

ಆಪ್ತಸಲಹೆ
ಅಪಾಯ ಹೆಚ್ಚು ಅಂದರೆ ಯಾರ್ಯಾರು? ಸಕ್ಕರೆ ಕಾಯಿಲೆ ಇರೋರನ್ನೆಲ್ಲ ಫೀಟಲ್ ಎಕೋಗೆ ಕಳಿಸಬೇಕಾ?

ಎಳೆಹೃದಯ
ಗರ್ಭ ನಿಲ್ಲೋ ಮುಂಚೆಯೇ ಡಯಾಬಿಟಿಸ್ ಇದ್ದವರನ್ನು ಕಳಿಸಿ. ಹತ್ತನೇ ವಾರದ ಹೊತ್ತಿಗೆ ಹೃದಯದ ಕಟ್ಟಡ ಮುಗಿದಿರುತ್ತೆ, ಆ ಹೊತ್ತಿನ ಸಕ್ಕರೆ ಲೆಕ್ಕಕ್ಕೆ ಬರೋದು. 26ನೇ ವಾರದಲ್ಲಿ ಹೊಸದಾಗಿ ಬಂದ ಗರ್ಭಾವಸ್ಥೆಯ ಸಕ್ಕರೆ ಹೃದಯದ ರಚನೆ ಕೆಡಿಸಲಾರದು, ಕೊನೆಯ ತಿಂಗಳುಗಳಲ್ಲಿ ನಡುಗೋಡೆ ದಪ್ಪ ಮಾಡಬಹುದು. ಉಳಿದಂತೆ ತಂದೆ, ತಾಯಿ ಅಥವಾ ಹಿಂದಿನ ಮಗುವಿಗೆ ಹುಟ್ಟಿನಿಂದ ಹೃದಯ ದೋಷ, ಮೊದಲ ತಿಂಗಳುಗಳಲ್ಲಿ ರುಬೆಲ್ಲಾ, ಲಿಥಿಯಂ, ವಾಲ್‌ಪ್ರೊಯೇಟ್, ಐಸೊಟ್ರೆಟಿನಾಯಿನ್ ಸೇವನೆ, ಒಂದೇ ಮಾಸು ಹಂಚಿಕೊಂಡ ಅವಳಿ, ಐವಿಎಫ್, ಸ್ಕ್ಯಾನಿನಲ್ಲಿ ಬೇರೆ ಅಂಗದ ದೋಷ. ತಾಯಿಗೆ ಆಂಟಿ-ರೊ ಆಂಟಿಬಾಡಿ ಇದ್ದರೆ ಅದು ಬೇರೆ ಕಥೆ: ಅಲ್ಲಿ ಭಯ ಮುಖ್ಯವಾಗಿ ಹಾರ್ಟ್ ಬ್ಲಾಕ್‌ನದ್ದು (ಬಡಿತದ ಸಂಕೇತ ತಡೆದು ಬಡಿತ ನಿಧಾನವಾಗೋದು), ಸುಮಾರು 18ರಿಂದ 26 ವಾರ ಮತ್ತೆ ಮತ್ತೆ ನೋಡಬೇಕು.

ಪ್ರೋಬ್‌ಧಾರಿ
ಆದರೆ ದೋಷ ಇರೋ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟೋದು ಈ ಪಟ್ಟಿಯಲ್ಲಿ ಯಾವುದೂ ಇಲ್ಲದ ತಾಯಂದಿರಿಗೆ. ಪಟ್ಟಿ ನೋಡಿ ಕಳಿಸ್ತಾ ಕೂತರೆ ಬಹುಪಾಲು ಕೈತಪ್ಪುತ್ತೆ. ಅದಕ್ಕೇ ಮಾಮೂಲಿ ಸ್ಕ್ಯಾನ್ ಬಗ್ಗೆ ಇಷ್ಟು ಹಟ ನನಗೆ.

ವಂಶವಾಹಿ
ದೋಷ ಸಿಕ್ಕ ಮೇಲಿನ ಹೆಜ್ಜೆ ಯಾರೂ ಹೇಳಲಿಲ್ಲ. ಎವಿಎಸ್‌ಡಿ ಕಂಡರೆ ಟ್ರೈಸೋಮಿ 21 (ಡೌನ್ ಸಿಂಡ್ರೋಮ್) ಮನಸ್ಸಿನಲ್ಲಿರಬೇಕು. ಫ್ಯಾಲೋಟ್, ಟ್ರಂಕಸ್, ಕಡಿದ ಅಯೋರ್ಟಾ ಕಮಾನು ಕಂಡರೆ 22ಕ್ಯು11 ಡಿಲೀಷನ್, ಅಂದರೆ 22ನೇ ಕ್ರೋಮೋಸೋಮಿನ ಒಂದು ಚೂರು ಇಲ್ಲದಿರೋದು. ಮೂರು ನಾಳದ ನೋಟದಲ್ಲೇ ಮುಂದೆ ಥೈಮಸ್ (ರೋಗನಿರೋಧಕ ಗ್ರಂಥಿ) ಇದೆಯಾ, ಸಣ್ಣದಿದೆಯಾ ನೋಡಿ, ಇಲ್ಲದಿದ್ದರೆ ಅನುಮಾನ ಗಟ್ಟಿಯಾಗುತ್ತೆ. ಗರ್ಭದ ನೀರು ತೆಗೆದು (ಆಮ್ನಿಯೊಸೆಂಟೆಸಿಸ್) ಕ್ರೋಮೋಸೋಮಿನ ಸಣ್ಣ ಚೂರನ್ನೂ ನೋಡುವ ಮೈಕ್ರೊಅರ್ರೇಗೆ ಕಳಿಸೋದರ ಬಗ್ಗೆ ತಂದೆತಾಯಿ ಜೊತೆ ಮಾತಾಡಿ. ತಾಯಿಯ ರಕ್ತದಲ್ಲಿ ಭ್ರೂಣದ ಡಿಎನ್ಎ ನೋಡುವ ಎನ್‌ಐಪಿಟಿ ಸರಿ ಇದೆ ಅಂತ ಇಲ್ಲಿ ಸಮಾಧಾನ ಪಡೋ ಹಾಗಿಲ್ಲ, ಮಾಮೂಲಿ ಎನ್‌ಐಪಿಟಿ ನೋಡೋದು ಕೆಲವೇ ಕ್ರೋಮೋಸೋಮ್‌ಗಳ ಸಂಖ್ಯೆಯನ್ನು.

ಬೇಗನೋಡಿ
ಮೊದಲೇ ಗೊತ್ತಾಗಿ ಏನು ಪ್ರಯೋಜನ, ಹುಟ್ಟಿದ ಮೇಲೆ ತಾನೇ ಆಪರೇಷನ್ ಅಂತ ಕೇಳುವವರಿಗೆ ಏನಂತೀರಿ?

ಎನ್ಐಸಿಯುಜಾಗರಣೆ
ಟಿಜಿಎ ಉದಾಹರಣೆ ಸಾಕು. ಆ ಮಗುವಿನಲ್ಲಿ ಎರಡು ರಕ್ತಚಕ್ರ ಬೇರೆ ಬೇರೆ ಸುತ್ತುತ್ತೆ. ಫೊರಾಮೆನ್ ಓವಾಲೆ ಕಿರಿದಾಗಿದ್ದರೆ ಹುಟ್ಟಿದ ಗಂಟೆಗಳಲ್ಲೇ ನೀಲಿಗಟ್ಟುತ್ತೆ. ಗೊತ್ತಿದ್ದರೆ ಡಕ್ಟಸ್ ತೆರೆದಿಡುವ ಪ್ರೊಸ್ಟಗ್ಲಾಂಡಿನ್ ರೆಡಿ ಇರುತ್ತೆ, ಬಲೂನ್ ಹಾಕಿ ಮೇಲ್ಕೋಣೆಗಳ ನಡುವಿನ ದಾರಿ ಹಿಗ್ಗಿಸುವವರು ಅದೇ ಕಟ್ಟಡದಲ್ಲಿ ಇರ್ತಾರೆ. ಆ ಬಲೂನ್ ವಿಧಾನ 1966ರಿಂದ ಇದೆ, ಹೊಸದೇನಲ್ಲ. 1999ರಲ್ಲಿ ಫ್ರಾನ್ಸಿನಿಂದ ಪ್ರಕಟವಾದ ಅಧ್ಯಯನ ನೋಡಿ: ಗರ್ಭದಲ್ಲೇ ಪತ್ತೆಯಾದ 68 ಟಿಜಿಎ ಮಕ್ಕಳಲ್ಲಿ ಆಪರೇಷನ್‌ಗೆ ಮುಂಚೆ ಒಂದೂ ಸಾಯಲಿಲ್ಲ. ಹುಟ್ಟಿದ ಮೇಲೆ ಪತ್ತೆಯಾದ 250ರಲ್ಲಿ 15 ಮಕ್ಕಳು ಆಪರೇಷನ್ ಟೇಬಲ್ ತಲುಪೋ ಮೊದಲೇ ಹೋದವು.

ಪ್ರೊಸ್ಟಗ್ಲಾಂಡಿನ್ ಬಗ್ಗೆ ಒಂದು ಮಾತು. ಡಕ್ಟಸ್ ಇನ್ನೂ ಚೆನ್ನಾಗಿ ತೆರೆದಿರುವಾಗ ಸಣ್ಣ ಡೋಸ್, ಕೆಜಿಗೆ ನಿಮಿಷಕ್ಕೆ 0.01 ಮೈಕ್ರೊಗ್ರಾಂ ಆಸುಪಾಸಿನಿಂದ ಶುರು ಮಾಡ್ತಾರೆ. ಉಸಿರು ನಿಲ್ಲಿಸೋದು ಅದರ ಕುಖ್ಯಾತ ಅಡ್ಡಪರಿಣಾಮ, ಉಸಿರಾಟ ನೋಡಿಕೊಳ್ಳುವವರು ಪಕ್ಕದಲ್ಲೇ ಇರಬೇಕು.

ಆಪ್ತಸಲಹೆ
ಹಾಗಾದರೆ ಸಿಸೇರಿಯನ್ ಕಡ್ಡಾಯನಾ?

ಎನ್ಐಸಿಯುಜಾಗರಣೆ
ಅಲ್ಲ. ಬಹುತೇಕ ಹೃದಯ ದೋಷಗಳಲ್ಲಿ ಸಹಜ ಹೆರಿಗೆಗೆ ಅಡ್ಡಿ ಇಲ್ಲ. ಹೆರಿಗೆ ಎಲ್ಲಿ ಅನ್ನೋದು ಮುಖ್ಯ. ಕಾರಣವಿಲ್ಲದೆ 37 ವಾರಕ್ಕೇ ಹೆರಿಗೆ ಮಾಡಿಸೋದೂ ಬೇಡ, 39 ವಾರ ತುಂಬಿದ ಮಗು ಆಪರೇಷನ್ ತಡಕೊಳ್ಳೋದೇ ಬೇರೆ.

ಡಾಪ್ಲರ್‌ದಾಸ
ಕಾಣದೇ ಇದ್ದಾಗ ಏನು ಬರೀಬೇಕು ಅನ್ನೋದೂ ಬರಲಿ. ತಾಯಿಯ ಹೊಟ್ಟೆ ದಪ್ಪ, ಮಗುವಿನ ಬೆನ್ನು ಮೇಲೆ, ಪಕ್ಕೆಲುಬಿನ ನೆರಳು ಹೃದಯದ ಮೇಲೆ. ಹೊಟ್ಟೆಯ ಮಡಿಕೆ ಮೇಲೆತ್ತಿ ಕೆಳಗಿನಿಂದ, ಹೊಕ್ಕುಳಿನಿಂದ, ಪಕ್ಕೆಯಿಂದ ಪ್ರಯತ್ನಿಸಿ, ಫ್ರೀಕ್ವೆನ್ಸಿ ಇಳಿಸಿ ಹಾರ್ಮೋನಿಕ್ ಹಾಕಿ, ಹದಿನೈದು ನಿಮಿಷ ಓಡಾಡಿಸಿ ಕರೀರಿ. ಆದರೂ ಆಗದಿದ್ದರೆ "ಹೊರನಾಳಗಳು ಕಾಣಲಿಲ್ಲ, ಎರಡು ವಾರದಲ್ಲಿ ಮರುಸ್ಕ್ಯಾನ್" ಅಂತಲೇ ಬರೀರಿ. ಕಾಣದ್ದನ್ನು "ಸಹಜ" ಅಂತ ಬರೆದರೆ ಆ ತಾಯಿ ಮತ್ತೆ ಬರೋದೇ ಇಲ್ಲ.

ಗ್ರೇಸ್ಕೇಲ್
ಇದಕ್ಕೆ ನನ್ನ ಪೂರ್ತಿ ಸಹಮತ. ದಾಖಲಿಸಿಕೊಳ್ಳಿ, ಅಪರೂಪ.

ಪ್ರೋಬ್‌ಧಾರಿ
ಎನ್ಐಸಿಯು ಅವರೇ, ಕೊನೆಗೆ ಒಂದು. ಸ್ಕ್ಯಾನಿನಲ್ಲಿ ಬಿಟ್ಟುಹೋದದ್ದು ಹುಟ್ಟಿದ ಮೇಲೆ ಪಲ್ಸ್ ಆಕ್ಸಿಮೀಟರ್‌ನಲ್ಲಿ ಸಿಗುತ್ತೆ ಅಂತಾರಲ್ಲ, ಎಷ್ಟು ನಂಬಬಹುದು?

ಎನ್ಐಸಿಯುಜಾಗರಣೆ
24 ಗಂಟೆ ಆದ ಮೇಲೆ ಬಲಗೈ ಮತ್ತು ಒಂದು ಕಾಲು, ಎರಡೂ ಕಡೆ ಅಳೀರಿ. ಎಡಗೈ ಬೇಡ, ಅದರ ರಕ್ತನಾಳ ಡಕ್ಟಸ್‌ಗೆ ತೀರಾ ಹತ್ತಿರ. 90ಕ್ಕಿಂತ ಕಡಿಮೆ ಇದ್ದರೆ ಕಾಯದೆ ಎಕೋ. 90ರಿಂದ 94 ಇದ್ದರೆ, ಅಥವಾ ಕೈಕಾಲಿನ ನಡುವೆ 3ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಒಂದು ಗಂಟೆ ಬಿಟ್ಟು ಮತ್ತೆ. ಕಾಲು ತಣ್ಣಗಿದ್ದರೆ, ಮಗು ಒದೀತಿದ್ದರೆ ರೀಡಿಂಗ್ ಸುಳ್ಳು ಬರುತ್ತೆ, ಮೊದಲು ಬೆಚ್ಚಗೆ ಮಾಡಿ. ಟಿಜಿಎ, ಪಲ್ಮನರಿ ಅಟ್ರೀಸಿಯಾ (ಪಲ್ಮನರಿ ದಾರಿಯೇ ಮುಚ್ಚಿರೋದು) ಇದರಲ್ಲಿ ಚೆನ್ನಾಗಿ ಸಿಗ್ತವೆ. ಕೋಆರ್ಕ್ಟೇಷನ್ ಇಲ್ಲೂ ಕೈಕೊಡುತ್ತೆ, ಅದಕ್ಕೆ ಆಕ್ಸಿಮೀಟರ್ ಕಟ್ಟಿಟ್ಟು ತೊಡೆಸಂದಿಯ ನಾಡಿ ಬೆರಳಿಂದಲೇ ಮುಟ್ಟಿ ನೋಡಬೇಕು, ಡಿಸ್ಚಾರ್ಜ್ ದಿನವೂ, ಮೊದಲ ಲಸಿಕೆಗೆ ಬಂದ ದಿನವೂ.